ಅಡ್ಮಿನ್ ಸಾಹೇಬರು ಹೊರಗಿದ್ದಾರೆ

ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವರಿಗೆ ಓಟಿಪಿ ಅಂದರೆ ಭಯವೂ ಇಲ್ಲ, ಭಕ್ತಿಯೂ ಇಲ್ಲ. “ಸಾರ್, ನಿಮ್ಮ ಫೋನಿಗೊಂದು ಓಟಿಪಿ ಬಂದಿರತ್ತೆ, ಸ್ವಲ್ಪ ಹೇಳ್ತೀರಾ?” ಎಂದು ಬೆಳಗ್ಗೆಯಿಂದ ಸಂಜೆವರೆಗೆ ಕ್ಲೈಂಟುಗಳನ್ನು ಕೇಳುವುದೇ ನಮ್ಮ ಅರ್ಧ ಕಸುಬು. ‘ಇದನ್ನು ಯಾರಿಗೂ ಹೇಳಬೇಡಿ’ ಎಂದು ಆ ಮೆಸೇಜಿನಲ್ಲೇ ಬರೆದಿರುತ್ತದೆ. ನಮ್ಮ ಕ್ಲೈಂಟುಗಳು ಪ್ರಾಮಾಣಿಕರು. ಆ ಎಚ್ಚರಿಕೆಯನ್ನೂ ಬಿಡದೆ ಪೂರ್ತಿ ಓದಿ ಹೇಳುತ್ತಾರೆ. ಊಟದ ಹೊತ್ತಿನಲ್ಲಿ ಫೋನ್ ಮಾಡಿದರೆ ಓಟಿಪಿಯ ಬದಲು ಬೈಗುಳ ಬರುವುದುಂಟು. ಅದಕ್ಕೆ ಮಾತ್ರ ಎಕ್ಸ್‌ಪೈರಿ ಇಲ್ಲ.

ಆನ್‌ಲೈನ್ ಕಾರ್ಡ್ ಪಾವತಿಗೆ ಎರಡನೇ ಗುರುತು ಬೇಕೇ ಬೇಕು ಎಂದು ರಿಸರ್ವ್ ಬ್ಯಾಂಕ್ 2009ರ ಆಗಸ್ಟಿನಿಂದ ಕಡ್ಡಾಯ ಮಾಡಿತಲ್ಲ, ಆಗಿನಿಂದಲೂ ನಾನು ಈ ಆಟ ನೋಡುತ್ತಲೇ ಬಂದಿದ್ದೇನೆ. 2025ರ ಏಪ್ರಿಲಿನಿಂದ ಇ-ವೇ ಬಿಲ್ ಪೋರ್ಟಲಿನಲ್ಲೂ ಅದು ಎಲ್ಲರಿಗೂ ಅನ್ವಯವಾದಾಗ ಆಫೀಸಿಗೆಲ್ಲ ಪಾಠ ಹೇಳಿದವನು ನಾನೇ. ಪಾಸ್‌ವರ್ಡ್ ನಿಮ್ಮ ತಲೆಯಲ್ಲಿರುವುದು, ಫೋನ್ ನಿಮ್ಮ ಜೇಬಿನಲ್ಲಿರುವುದು. ಕಳ್ಳನಿಗೆ ಒಂದು ಸಿಕ್ಕರೆ ಸಾಲದು, ಎರಡೂ ಬೇಕು. ಇಷ್ಟು ಹೇಳಿ ಕನ್ನಡಕ ಸರಿಮಾಡಿಕೊಂಡರೆ ಆರ್ಟಿಕಲ್ ಹುಡುಗರು ತಲೆಯಾಡಿಸುತ್ತಿದ್ದರು. ಅವರು ಇಯರ್‌ಫೋನಿನಲ್ಲಿ ಹಾಡಿಗೆ ತಲೆಯಾಡಿಸುತ್ತಿದ್ದರೆಂಬುದು ಆಮೇಲೆ ತಿಳಿಯಿತು, ಆ ಮಾತು ಬೇರೆ.

ನಮ್ಮ ದೊಡ್ಡ ಕ್ಲೈಂಟೊಬ್ಬರಿಂದ ಒಂದು ಪ್ರಶ್ನಾವಳಿ ಬಂತು. ನಮ್ಮ ಲೆಕ್ಕಪತ್ರ ನೋಡುವವರು ಎಷ್ಟು ಭದ್ರ ಎಂದು ತಿಳಿಯುವ ಚಪಲ ಈಚೆಗೆ ಎಲ್ಲ ಕಂಪನಿಗಳಿಗೂ ಹತ್ತಿದೆ. ಅದರಲ್ಲೊಂದು ಪ್ರಶ್ನೆ: ನಿಮ್ಮ ವಿಡಿಯೊ ಮೀಟಿಂಗ್ ಸಾಫ್ಟ್‌ವೇರಿಗೆ ಸಿಂಗಲ್ ಸೈನ್-ಆನ್ ಇದೆಯೇ, ಅದಕ್ಕೆ ಟೂ-ಫ್ಯಾಕ್ಟರ್ ಹಾಕಿದ್ದೀರಾ? ನಮ್ಮ ಆಡಿಟರ್ ಸಾರ್ ಬೇರೆಯವರ ಬ್ಯಾಲೆನ್ಸ್ ಶೀಟಿನಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿಯಾದರೂ ಬಿಡುವವರಲ್ಲ. ಇಲ್ಲಿ ಮಾತ್ರ ಮೊದಲು ‘ಹೌದು’ ಎಂದು ಟಿಕ್ ಹಾಕಿ ಕಳಿಸಿ, ಆಮೇಲೆ ನನ್ನನ್ನು ಕರೆದರು.

“ಇದನ್ನ ನಿಜ ಮಾಡಿಬಿಡಿ” ಅಂದರು.

ಸಿಂಗಲ್ ಸೈನ್-ಆನ್ ಇರುವುದು ನಮ್ಮ ಅಗ್ಗದ ಪ್ಲಾನಿನಲ್ಲಲ್ಲ, ಮೇಲಿನ ಪ್ಲಾನಿನಲ್ಲಿ ಎಂದು ತಿಳಿಸಿದೆ. ಸಾರ್ ಒಂದು ಗಳಿಗೆ ಫ್ಯಾನ್ ನೋಡಿದರು. ಟಿಕ್ ಅಳಿಸುವುದೋ, ದುಡ್ಡು ಕಟ್ಟುವುದೋ ಎಂಬ ಧರ್ಮಸಂಕಟ ಅವರ ಮುಖದ ಮೇಲೆ ಹಾದುಹೋಯಿತು. ಕೊನೆಗೆ ದುಡ್ಡೇ ಕಟ್ಟಿದರು.

ರಾತ್ರಿ ಮನೆಯಲ್ಲಿ ಕೂತು ಕೈಪಿಡಿ ಓದಿದೆ. ಸಂಗತಿ ಕಷ್ಟದ್ದೇನಲ್ಲ. ಮೀಟಿಂಗ್ ಸಾಫ್ಟ್‌ವೇರು ಇನ್ನುಮುಂದೆ ನಮ್ಮ ಪಾಸ್‌ವರ್ಡ್ ಕೇಳುವುದಿಲ್ಲ. ಬಾಗಿಲಿಗೆ ಬಂದವನನ್ನು ಆಫೀಸಿನ ಗುರುತಿನ ಸರ್ವರಿಗೆ ಅಟ್ಟುತ್ತದೆ. ಆ ಸರ್ವರು ಪಾಸ್‌ವರ್ಡು, ಕೋಡು ಎಲ್ಲ ವಿಚಾರಿಸಿ, ‘ಇವರು ಇಂಥವರು, ಇವರ ಇಮೇಲ್ ಇದು’ ಎಂದು ಬರೆದು, ಸಹಿ ಹಾಕಿ ವಾಪಸು ಕಳಿಸುತ್ತದೆ. ಹಿಂದೆ ಶಾನುಭೋಗರ ಕಾಗದ ಹಿಡಿದು ತಾಲ್ಲೂಕು ಕಚೇರಿಗೆ ಹೋಗುತ್ತಿದ್ದರಲ್ಲ, ಅದೇ. ಕಚೇರಿಯವರು ಕಾಗದ ತಂದವನ ಮುಖ ನೋಡುವುದಿಲ್ಲ, ಶಾನುಭೋಗರ ಸಹಿ ನೋಡುತ್ತಾರೆ. ಈ ಕಾಗದದ ಒಕ್ಕಣೆ ಹೇಗಿರಬೇಕೆಂದು ಹೇಳುವ ಸ್ಯಾಮ್ಲ್ 2.0 ಎಂಬ ಕಟ್ಟಳೆ 2005ರಿಂದಲೂ ಇದೆ. ಸಹಿ ಪರೀಕ್ಷಿಸಲು ಒಂದು ಸರ್ಟಿಫಿಕೇಟನ್ನು ಕಾಪಿ ಮಾಡಿ ಇತ್ತ ಅಂಟಿಸಬೇಕು. ಅದರ ಮೊದಲ ಸಾಲು, ಕೊನೆಯ ಸಾಲು ನೋಡಲು ಬರೀ ಗೀಟುಗಳು. ಅಲಂಕಾರಕ್ಕೆ ಹಾಕಿದ್ದಾರೆಂದು ತಿಳಿದು ಕತ್ತರಿಸಿದ್ದೆ. ಅವು ಅಲಂಕಾರವಲ್ಲ ಎಂದು ಅರ್ಥವಾಗುವಷ್ಟರಲ್ಲಿ ಮನೆಮಂದಿಯೆಲ್ಲ ಮಲಗಿದ್ದರು.

ಅದೇ ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲೊಂದು ಬುದ್ಧಿಮಾತಿತ್ತು: ಈ ಏರ್ಪಾಡಿನ ಹೊರಗೆ, ತುರ್ತಿಗೆಂದು ಒಂದು ಅಡ್ಮಿನ್ ಖಾತೆ ಇಟ್ಟುಕೊಳ್ಳಿ, ಅದರ ಪಾಸ್‌ವರ್ಡನ್ನು ಲಕೋಟೆಯಲ್ಲಿ ಹಾಕಿ ಲಾಕರಿನಲ್ಲಿಡಿ. ನಾನು ನಕ್ಕೆ. ಮುಂಬಾಗಿಲಿಗೆ ಇಷ್ಟೆಲ್ಲ ಬೀಗ ಜಡಿದು ಹಿಂಬಾಗಿಲು ತೆರೆದಿಡಬೇಕಂತೆ! ಸೆಟ್ಟಿಂಗಿನಲ್ಲಿ ಆ ಖಾತೆಗೆಂದು ಇದ್ದ ಪೆಟ್ಟಿಗೆಯ ಟಿಕ್ ತೆಗೆದೆ. ಶುಕ್ರವಾರ ಬೆಳಗ್ಗೆ ಆಫೀಸಿಗೆ ಬಂದವನೇ ಊದುಬತ್ತಿ ಹಚ್ಚಿ ‘ಎಲ್ಲರಿಗೂ ಕಡ್ಡಾಯ’ ಎಂಬ ಗುಂಡಿ ಒತ್ತಿದೆ.

ಎಲ್ಲರೂ ಲಾಗೌಟ್ ಆದರು. ಅದು ನಿರೀಕ್ಷಿತವೇ. ಎಲ್ಲರೂ ಫೋನಿಗೆ ಅಥೆಂಟಿಕೇಟರ್ ಆಪ್ ಹಾಕಿಕೊಂಡು, ಪರದೆಯ ಮೇಲಿನ ಕ್ಯುಆರ್ ಚೌಕವನ್ನು ಸ್ಕ್ಯಾನ್ ಮಾಡಿ, ಆಪ್ ತೋರಿಸಿದ ಆರಂಕಿಯನ್ನು ಒತ್ತಿ, ಒಬ್ಬೊಬ್ಬರಾಗಿ ಒಳಗೆ ಹೋದರು. ಆರ್ಟಿಕಲ್ ಹುಡುಗರು ಹೋದರು. ಯುಪಿಐ ಕೂಡ ಬಳಸದ ಅಕೌಂಟೆಂಟ್ ಮೇಡಂ ಹೋದರು. ಕಾಫಿ ತಂದುಕೊಡುವ ಹುಡುಗನಿಗೂ ಯಾರೋ ತಮಾಷೆಗೆ ಖಾತೆ ಮಾಡಿದ್ದರು, ಅವನೂ ಹೋದ. ಕೋಡ್ ತಪ್ಪಾಗಿದೆ ಎಂದು ಬಂದದ್ದು ಇಡೀ ಆಫೀಸಿನಲ್ಲಿ ಒಬ್ಬನಿಗೆ ಮಾತ್ರ, ಅಡ್ಮಿನ್ನಿಗೆ.

ಮತ್ತೆ ಒತ್ತಿದೆ. ತಪ್ಪು. ಪುಟ ರಿಫ್ರೆಶ್ ಮಾಡಿ, ಹೊಸ ಕ್ಯುಆರ್ ಸ್ಕ್ಯಾನ್ ಮಾಡಿ ಒತ್ತಿದೆ. ತಪ್ಪು. ರಿಫ್ರೆಶ್ ಮಾಡಿದಾಗಲೆಲ್ಲ ಆಪಿನಲ್ಲಿ ನನ್ನದೇ ಹೆಸರಿನ ಹೊಸ ಸಾಲು ಸೇರುತ್ತ ಹೋಗಿ, ಒಂದೇ ಹೆಸರಿನ ನಾನುಗಳು ಬೇರೆಬೇರೆ ಅಂಕಿ ಹಿಡಿದು ಸಾಲಾಗಿ ನಿಂತರು. ಯಾವ ನಾನು ಈಗಿನ ನಾನು ಎಂಬ ಪ್ರಶ್ನೆಗೆ ಶಂಕರಾಚಾರ್ಯರೇ ಬರಬೇಕಿತ್ತು.

ಅಷ್ಟರಲ್ಲಿ ಆಡಿಟರ್ ಸಾರ್ ಕೋಣೆಯಿಂದ ಕರೆ ಬಂತು. ಶಿವಮೊಗ್ಗದ ಅಡಿಕೆ ಮಂಡಿ ಸಾಹುಕಾರರ ಜೊತೆ ಜಿಎಸ್‌ಟಿ ನೋಟಿಸಿನ ಬಗ್ಗೆ ಮೀಟಿಂಗು. ಸಾರ್ ಪರದೆಯ ಮೇಲೆ ‘ಹೋಸ್ಟ್ ಅವರು ನಿಮ್ಮನ್ನು ಸದ್ಯದಲ್ಲೇ ಒಳಗೆ ಬಿಡುತ್ತಾರೆ’ ಎಂದಿತ್ತು.

“ಹೋಸ್ಟ್ ಯಾರ್ರೀ?” ಅಂದರು.

“ನೀವೇ ಸಾರ್.”

“ನಾನು ಇಲ್ಲೇ ಇದೀನಲ್ಲ!”

ಆದದ್ದಿಷ್ಟು. 2020ರ ಲಾಕ್‌ಡೌನಿನಲ್ಲಿ ಸಾರ್ ಅವಸರಕ್ಕೆ ತಮ್ಮ ಜಿಮೇಲ್ ಕೊಟ್ಟು ಖಾತೆ ತೆರೆದಿದ್ದರು. ಈಗ ಶಾನುಭೋಗರ ಕಾಗದದಲ್ಲಿ ಹೋದದ್ದು ಆಫೀಸಿನ ಇಮೇಲ್. ಸಾಫ್ಟ್‌ವೇರು ಹಳೆಯ ಖಾತೆಗಳನ್ನು ಹುಡುಕಿತು, ಈ ಇಮೇಲಿನವರು ಯಾರೂ ಇಲ್ಲ ಎಂದುಕೊಂಡಿತು, ಸೌಜನ್ಯಕ್ಕೆ ಅಲ್ಲೇ ಒಂದು ಹೊಸ ಖಾತೆ ಹುಟ್ಟಿಸಿತು. ಮೀಟಿಂಗ್ ಕರೆದವರು ಜಿಮೇಲಿನ ಆಡಿಟರು, ಬಾಗಿಲಲ್ಲಿ ಕಾಯುತ್ತಿರುವವರು ಆಫೀಸಿನ ಆಡಿಟರು. ಅತ್ತ ಸಾಹುಕಾರರೂ ಅದೇ ಕಾಯುವ ಕೋಣೆಯಲ್ಲಿದ್ದರು. ಕಾಯುವವರು ಒಬ್ಬರಿಗೊಬ್ಬರು ಕಾಣುವುದಿಲ್ಲವಾದ್ದರಿಂದ ಅವರು ಸೀದಾ ಮೊಬೈಲಿಗೆ ಫೋನ್ ಮಾಡಿದರು. “ಸ್ವಾಮಿ, ನಾನು ಬಂದು ಕೂತು ಒಂದು ಎಲೆಅಡಿಕೆ ಮುಗೀತು. ಬಾಗಿಲು ತೆಗೆಯೋರೇ ಇಲ್ವಲ್ಲ?”

ಎರಡು ಖಾತೆಗಳನ್ನು ಜೋಡಿಸುವುದು ಚಿಟಿಕೆ ಹೊಡೆಯುವಷ್ಟು ಸುಲಭ. ಅಡ್ಮಿನ್ ಲಾಗಿನ್ ಆದರೆ ಸಾಕು.

ನಾನು ಸಾಫ್ಟ್‌ವೇರಿನವರ ಸಹಾಯ ಕೇಂದ್ರಕ್ಕೆ ಹೋದೆ. ದೂರು ಕೊಡಲು ಲಾಗಿನ್ ಆಗಿ ಎಂದಿತು. ‘ಲಾಗಿನ್ ಆಗಲು ತೊಂದರೆಯೇ?’ ಎಂಬಲ್ಲಿ ಒತ್ತಿದೆ. ‘ನಿಮ್ಮ ಸಂಸ್ಥೆಯ ಅಡ್ಮಿನ್ ಅವರನ್ನು ಸಂಪರ್ಕಿಸಿ’ ಎಂದು ಬಂತು. ಜೊತೆಗೆ ಅನುಕೂಲವಾಗಲೆಂದು ಅಡ್ಮಿನ್ನರ ಇಮೇಲನ್ನೂ ಕೊಟ್ಟಿದ್ದರು. ಹುಡುಗರ ಮುಂದೆ ಏನಾದರೂ ಮಾಡುತ್ತಿರುವಂತೆ ಕಾಣಬೇಕಲ್ಲ, ಅದಕ್ಕೊಂದು ಮೇಲ್ ಕಳಿಸಿದೆ. ನನ್ನ ಫೋನು ಟಿಂಗ್ ಎಂದಿತು.

ಇಂಥ ಹೊತ್ತಿನಲ್ಲಿ ನಾಯಕನಾದವನು ಧೈರ್ಯಗೆಡಬಾರದು, ಕಾರಣ ಹೇಳಬೇಕು. ಎಲ್ಲರನ್ನೂ ಕೂಡಿಸಿ ಹೇಳಿದೆ: “ನೋಡಿ, ಸರ್ವರ್ ಇರೋದು ಅಮೆರಿಕದಲ್ಲಿ. ಅಲ್ಲೀಗ ರಾತ್ರಿ. ಅವರ ಟೈಮಿಗೂ ನಮ್ಮ ಟೈಮಿಗೂ ತಾಳೆ ಆಗ್ತಿಲ್ಲ. ನಿಮ್ಮದೆಲ್ಲ ಹೊಸ ಫೋನು, ಅಡ್ಜಸ್ಟ್ ಮಾಡ್ಕೊಳ್ತಿವೆ.” ಹುಡುಗರು ಮುಖ ಮುಖ ನೋಡಿಕೊಂಡರು. ಅದರಲ್ಲಿ ಒಬ್ಬ, ಸಿಎ ಇಂಟರ್ ಮುಗಿಸಿದವನು, ಏನೋ ಹೇಳಲು ಬಾಯಿ ತೆರೆದ. ನಾನು ಬಿಡಲಿಲ್ಲ.

ಅಕೌಂಟೆಂಟ್ ಮೇಡಂ ಮಾತ್ರ ಮಾತಿಗಿಂತ ದಾಖಲೆ ನಂಬುವವರು. ಒಂದು ಉದ್ದನೆಯ ರಿಜಿಸ್ಟರ್ ತೆಗೆದು, ಸ್ಕೇಲು ಇಟ್ಟು ಗೆರೆ ಎಳೆದು, ನನ್ನ ಫೋನನ್ನು ಮುಂದಿಟ್ಟುಕೊಂಡು ಕೂತರು. ಎಡಗಡೆ ವೇಳೆ, ಬಲಗಡೆ ಕೋಡು. ಫೋನ್ ತೋರಿಸುವ ಗಂಟೆ ನೋಡುವುದು, ಬರೆಯುವುದು. ಅಂಕಿ ನೋಡುವುದು, ಬರೆಯುವುದು. ಮೂವತ್ತು ಸೆಕೆಂಡಿಗೊಂದು ಎಂಟ್ರಿ. “ಏನಾದ್ರೂ ಪ್ಯಾಟರ್ನ್ ಇದ್ದರೆ ಸಿಕ್ಕತ್ತೆ” ಅಂದರು. ಜಿಎಸ್‌ಟಿ ರೀಕನ್ಸಿಲಿಯೇಷನ್ನಿನಲ್ಲಿ ಕಳೆದುಹೋದ ಇನ್‌ವಾಯ್ಸುಗಳನ್ನು ಅವರು ಹೀಗೇ ಹಿಡಿಯುವುದು. ಪುಟ ತುಂಬಿದ ಮೇಲೆ ನಾನು ಕೋಣೆ ಬಿಟ್ಟು ಗಾಂಧಿ ಬಜಾರಿನ ಕಡೆ ಕಾಫಿಗೆ ಹೊರಟೆ. ಕ್ಯುಆರ್ ಪುಟವನ್ನು ತೆರೆದೇ ಬಿಟ್ಟಿದ್ದೆ. ಇನ್ನೊಂದು ನಾನು ಹುಟ್ಟುವುದು ಬೇಡ ಎಂಬ ಒಂದೇ ಕಾರಣಕ್ಕೆ.

ಬೈಟೂ ಕಾಫಿ ಕುಡಿದು ವಾಪಸಾದೆ. ಕೀಬೋರ್ಡ್ ಮುಂದೆ ಕೂತು, “ಮೇಡಂ, ಒಂದು ಕೋಡ್ ಹೇಳಿ” ಅಂದೆ. ಫೋನ್ ನೋಡಿ ಹೇಳಲಿ ಎಂಬುದು ನನ್ನ ಆಶಯ. ಮೇಡಂ ರಿಜಿಸ್ಟರ್ ನೋಡಿ, ಬೆರಳಿಟ್ಟ ಸಾಲನ್ನು ಓದಿದರು. ಒತ್ತಿದೆ. ತಪ್ಪು. “ಅದರ ಕೆಳಗಿಂದು ನೋಡಿ” ಎಂದು ಮುಂದಿನದನ್ನು ಓದಿದರು.

ಬಾಗಿಲು ತೆರೆಯಿತು.

ಆಫೀಸು ಸ್ತಬ್ಧವಾಯಿತು. ಬಿಸಿಬಿಸಿ ಕೋಡನ್ನೆಲ್ಲ ಒದ್ದು ಹೊರಹಾಕಿದ ಸರ್ವರು, ಕಾಫಿಗೆ ಮುಂಚೆ ಬರೆದಿಟ್ಟ ಹಳಸಲನ್ನು ಆದರದಿಂದ ಬರಮಾಡಿಕೊಂಡಿತ್ತು. “ನೋಡಿದ್ರಾ, ಅಮೆರಿಕದಿಂದ ಬರೋಕೆ ಇಷ್ಟು ಹೊತ್ತಾಗತ್ತೆ” ಎಂದು ನಾನು ಸಿದ್ಧಾಂತ ಮುಂದುವರಿಸುವಷ್ಟರಲ್ಲಿ, ಆ ಇಂಟರ್ ಮುಗಿಸಿದ ಹುಡುಗ ರಿಜಿಸ್ಟರಿನ ಮೇಲೆ ಬಗ್ಗಿದ. ಸಾಲಿನ ಎಡಗಡೆ ಮೇಡಂ ದುಂಡಗೆ 11:42 ಎಂದು ಬರೆದಿದ್ದರು. ಹುಡುಗ ಕಂಪ್ಯೂಟರಿನ ಮೂಲೆ ನೋಡಿದ. ಅಲ್ಲಿ ಈಗ 11:42.

“ಸಾರ್,” ಅಂದ, “ನಿಮ್ಮ ಫೋನ್ ಟೈಮ್ ಎಷ್ಟು ಮುಂದಿದೆ?”

ನಮ್ಮ ಮನೆಯಲ್ಲಿ ಗಡಿಯಾರ ಹತ್ತು ನಿಮಿಷ ಮುಂದೆ ಇಡುವುದು ತಂದೆಯ ಕಾಲದಿಂದ ಬಂದ ಸಂಪ್ರದಾಯ. ಗೋಡೆ ಗಡಿಯಾರ, ಅಡುಗೆಮನೆಯ ಟೈಮ್‌ಪೀಸು, ನನ್ನ ವಾಚು, ಕಡೆಗೆ ಮೊಬೈಲು. ಮೊಬೈಲಿನಲ್ಲಿ ಟೈಮ್ ತಾನಾಗಿ ಸರಿಹೋಗುವ ಸೌಲಭ್ಯವೊಂದಿದೆ. ಅದನ್ನು ಹುಡುಕಿ, ಕಷ್ಟಪಟ್ಟು ಆಫ್ ಮಾಡಿ, ಹತ್ತು ನಿಮಿಷ ಮುಂದೆ ತಿರುಗಿಸಿಟ್ಟಿದ್ದೆ. ಬಸ್ಸು ತಪ್ಪಬಾರದೆಂದು. ಮುಂದಿದೆ ಎಂದು ಮನೆಯವರೆಲ್ಲರಿಗೂ ಗೊತ್ತಿರುವುದರಿಂದ ಎಲ್ಲರೂ ಹತ್ತು ನಿಮಿಷ ಕಳೆದೇ ಓದುತ್ತೇವೆ, ಬಸ್ಸು ತಪ್ಪುತ್ತಲೇ ಇರುತ್ತದೆ.

ಹುಡುಗ ಈಗ ಕುರ್ಚಿ ಎಳೆದುಕೊಂಡು ನನಗೇ ಪಾಠ ಶುರುಮಾಡಿದ. ಈ ಕೋಡು ಎಲ್ಲಿಂದಲೋ ಬರುವುದಲ್ಲವಂತೆ, ಎಸ್ಸೆಮ್ಮೆಸ್ಸಿನ ಓಟಿಪಿ ಅಲ್ಲವಂತೆ. ಕ್ಯುಆರ್ ಸ್ಕ್ಯಾನ್ ಮಾಡಿದ ಗಳಿಗೆಯಲ್ಲಿ ಫೋನಿಗೆ ಒಂದು ಗುಟ್ಟು ಸಿಗುತ್ತದೆ, ಅದೇ ಗುಟ್ಟು ಸರ್ವರಿನಲ್ಲೂ ಇರುತ್ತದೆ. ಆಮೇಲೆ ಇಬ್ಬರಿಗೂ ಮಾತುಕತೆಯೇ ಇಲ್ಲ. ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. 1970ರ ಜನವರಿ 1ರಿಂದ ಈವರೆಗೆ ಎಷ್ಟು ಮೂವತ್ತು ಸೆಕೆಂಡುಗಳು ಕಳೆದವು ಎಂದು ಫೋನು ತನ್ನ ಗಡಿಯಾರ ನೋಡಿ ಎಣಿಸುತ್ತದೆ, ಸರ್ವರು ತನ್ನ ಗಡಿಯಾರ ನೋಡಿ ಎಣಿಸುತ್ತದೆ. ಆ ಎಣಿಕೆಯನ್ನೂ ಗುಟ್ಟನ್ನೂ ಸೇರಿಸಿ ಅರೆದು ಆರಂಕಿ ತೆಗೆಯುತ್ತವೆ. 2011ರಲ್ಲೇ ಇದಕ್ಕೆ ನಿಯಮ ಬರೆದಿಟ್ಟಿದ್ದಾರೆ. ಎಣಿಕೆ ನಡೆಯುವುದು ಲೋಕಕ್ಕೆಲ್ಲ ಒಂದೇ ಆದ ಯುಟಿಸಿ ವೇಳೆಯಲ್ಲಿ, ಹಾಗಾಗಿ ಅಮೆರಿಕದಲ್ಲಿ ರಾತ್ರಿಯಾದರೂ ಒಂದೇ, ಬಸವನಗುಡಿಯಲ್ಲಿ ಬೆಳಗಾದರೂ ಒಂದೇ. ಈ ಮಾತು ಹೇಳುವಾಗ ಹುಡುಗ ದಾಕ್ಷಿಣ್ಯಕ್ಕೆ ನನ್ನ ಮುಖ ನೋಡಲಿಲ್ಲ.

“ಒಂದು ಕೋಡು ಹಿಂದೆಮುಂದೆ ಆದ್ರೆ ಸಾಮಾನ್ಯವಾಗಿ ಸರ್ವರ್ ಅಡ್ಜಸ್ಟ್ ಮಾಡ್ಕೊಳತ್ತೆ ಸಾರ್. ನೀವು ಇಪ್ಪತ್ತು ಕೋಡು ಮುಂದಿದ್ರಿ.”

ಅಂದರೆ ಬೆಳಗ್ಗೆಯಿಂದ ನಾನು ಒತ್ತಿದ್ದು ಒಂದೂ ಸುಳ್ಳು ಕೋಡಲ್ಲ. ಎಲ್ಲವೂ ಸತ್ಯವೇ, ಹತ್ತು ನಿಮಿಷ ಬಿಟ್ಟು. ಜೀವಮಾನದಲ್ಲಿ ಯಾವ ಕೆಲಸಕ್ಕೂ ಹೊತ್ತಿಗೆ ಮುಂಚೆ ಹೋಗದವನು ಇದೊಂದಕ್ಕೆ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಬೈಟೂ ಬದಲು ಫುಲ್ ಕಾಫಿ ಕುಡಿದಿದ್ದರೆ ಆ ಸಾಲೂ ನಿಜವಾಗಿ ಹಳಸಿಹೋಗುತ್ತಿತ್ತು. ನಾನು ಇವತ್ತಿಗೂ ಅಮೆರಿಕದ ರಾತ್ರಿಯನ್ನೇ ಬೈಯುತ್ತಿದ್ದೆ.

ಒಳಗೆ ಹೋದ ಕೂಡಲೇ ಸಾರ್ ಖಾತೆಗಳನ್ನು ಜೋಡಿಸಿದೆ. ಅವರು ವಿಜಯೋತ್ಸಾಹದಿಂದ ಮೀಟಿಂಗ್ ತೆರೆದರು, ಕಾಯುವ ಕೋಣೆ ಖಾಲಿ. ಸಾಹುಕಾರರು ಆಗಲೇ ಫೋನಿನಲ್ಲಿ ಮೇಡಂ ಹತ್ತಿರ ಮಾತಾಡಿ, ನೋಟಿಸಿಗೆ ಏನು ಉತ್ತರ ಕೊಡಬೇಕೆಂದು ಬರೆಸಿಕೊಂಡು, ಟೆಂಡರ್ ನೋಡಲು ಮಂಡಿಗೆ ಹೊರಟುಹೋಗಿದ್ದರು. ತುರ್ತು ಅಡ್ಮಿನ್ ಖಾತೆಯನ್ನೂ ತೆರೆದೆ. ಅದರ ಪಾಸ್‌ವರ್ಡನ್ನು ಲಕೋಟೆಗೆ ಹಾಕಿ ಬ್ಯಾಂಕ್ ಲಾಕರಿನಲ್ಲಿಡುವುದೆಂದು ತೀರ್ಮಾನವಾಯಿತು. ಲಾಕರ್ ತೆರೆಯಲು ನಮ್ಮ ಕೀಲಿಯೂ ಬೇಕು, ಬ್ಯಾಂಕಿನವರ ಕೀಲಿಯೂ ಬೇಕು. ಶುಕ್ರವಾರ ಸಂಜೆಯ ಮೇಲೆ ತುರ್ತು ಬಂದರೆ ಏನು ಮಾಡುವುದು ಎಂದು ಹುಡುಗ ಕೇಳಿದ. ಸೋಮವಾರ ನೋಡೋಣ ಅಂದರು ಸಾರ್.

ಸಂಜೆ ಬ್ಯಾಗು ಹೆಗಲಿಗೇರಿಸುವಾಗ ಅಕೌಂಟೆಂಟ್ ಮೇಡಂ ರಿಜಿಸ್ಟರ್ ಹಿಡಿದು ಬಂದರು.

“ಇಲ್ಲೊಂದು ಸೈನ್ ಹಾಕಿ.”

“ಯಾಕೆ ಮೇಡಂ? ಆ ಕೋಡುಗಳೆಲ್ಲ ಸತ್ತು ಎಷ್ಟೋ ಹೊತ್ತಾಯ್ತು.”

“ಸತ್ತಿರಲಿ, ಇರಲಿ. ಸೈನ್ ಇಲ್ದೆ ನಾನು ಯಾವ ಪುಟಾನೂ ಕ್ಲೋಸ್ ಮಾಡಲ್ಲ.”

ಸೈನ್ ಹಾಕಿದೆ. ಕೆಳಗೆ ವೇಳೆ ಬರೆಯಲು ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದೆ. ಮೇಡಂ ಪೆನ್ನು ಕಿತ್ತುಕೊಂಡರು.

“ಟೈಮು ನಾನ್ ಹಾಕ್ಕೋತೀನಿ, ಬಿಡಿ.”