ಡಿಸ್ಚಾರ್ಜ್ ಆಗುವ ಹೊತ್ತು

ದಿಲ್ಲಿಯಲ್ಲಿ ಮನೆ ಮಾಡಿರುವ ಕನ್ನಡಿಗರಿಗೆ ಸಂಬಳವಿಲ್ಲದ ಎರಡು ನೌಕರಿಗಳು ಕಾಯಂ. ಊರಿನಿಂದ ಬಂದವರಿಗೆ ಕುತುಬ್ ಮಿನಾರ್ ತೋರಿಸುವುದು ಒಂದು, ಏಮ್ಸ್ ತೋರಿಸುವುದು ಇನ್ನೊಂದು. ಮನೆ ಹೌಜ್ ಖಾಸ್‌ನಲ್ಲಿದ್ದರಂತೂ ಕೇಳುವುದೇ ಬೇಡ. ಹಳದಿ ಮೆಟ್ರೋದಲ್ಲಿ ಆ ಕಡೆ ಕುತುಬ್, ಈ ಕಡೆ ಗ್ರೀನ್ ಪಾರ್ಕ್ ದಾಟಿದರೆ ಏಮ್ಸ್. ಬಂದವರು ಸಾಮಾನ್ಯವಾಗಿ ಎರಡನ್ನೂ ಒಂದೇ ಪ್ರವಾಸದಲ್ಲಿ ಮುಗಿಸುತ್ತಾರೆ.

ಈ ಎರಡನೇ ನೌಕರಿಯಿಂದಾಗಿ ಆಸ್ಪತ್ರೆಯಲ್ಲಿ ಸುಧಾರಣೆ ಹೇಗೆ ಬರುತ್ತದೆಂದು ನೋಡುವ ಪುಣ್ಯ ನನಗೆ ಸಿಕ್ಕಿದೆ. 2015ರ ಜುಲೈಯಲ್ಲಿ ಏಮ್ಸ್‌ಗೆ ಆನ್‌ಲೈನ್ ನೋಂದಣಿ ಬಂತು. ಫೋನಿನಲ್ಲೇ ತಾರೀಖು! ನಸುಕಿಗೆ ಎದ್ದು ಗೇಟಿನ ಹತ್ತಿರ ನಿಲ್ಲುವವರು ಇನ್ನಿರುವುದಿಲ್ಲ ಎಂದುಕೊಂಡೆವು. ಫೋನು ಬಲ್ಲವರು ನಿಲ್ಲಲಿಲ್ಲ. ಫೋನು ಬಲ್ಲ ಭಾವಮೈದುನ ಇಲ್ಲದವರು ನಿಂತೇ ಇದ್ದರು. 2022ರ ನವೆಂಬರಿನಲ್ಲಿ ಸೈಬರ್ ದಾಳಿಯಾಗಿ ಅಲ್ಲಿನ ಸರ್ವರುಗಳು ಮಲಗಿದಾಗ ಎರಡು ವಾರದ ಹತ್ತಿರ ಕೆಲಸವೆಲ್ಲ ಮತ್ತೆ ಕಾಗದ-ಪೆನ್ನಿನ ಪಾಲಾಯಿತು. ಹಳೆಯ ರಿಜಿಸ್ಟರು ಬರೆದು ಗೊತ್ತಿದ್ದ ಗುಮಾಸ್ತರಿಗೆ ಆ ಹದಿನೈದು ದಿನ ಎಷ್ಟು ಮರ್ಯಾದೆ ಸಿಕ್ಕಿರಬಹುದು ಎಂದು ನಾನು ಆಗಾಗ ಊಹಿಸಿಕೊಳ್ಳುತ್ತೇನೆ.

ನನ್ನ ಅಕ್ಕನ ಮಗಳು ಇಲ್ಲೇ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಜೊತೆಗೆ ಆಸ್ಪತ್ರೆ ಆಡಳಿತದ ಡಿಪ್ಲೊಮಾ ಓದುತ್ತಿದ್ದಾಳೆ. ಅದಕ್ಕೊಂದು ಪ್ರಾಜೆಕ್ಟ್ ಮಾಡಬೇಕು: ಕೆಲಸದ ಜಾಗದಲ್ಲಿ ಏನಾದರೂ ಬದಲಾಯಿಸಬೇಕು, ಬದಲಾದದ್ದು ಒಳ್ಳೆಯದಕ್ಕೇ ಎಂದು ಸಾಬೀತೂ ಮಾಡಬೇಕು. ಮೊದಲನೆಯದು ಯಾರಿಗಾದರೂ ಆದೀತು. ನಮ್ಮ ಕಾಲೋನಿಯ ಸೆಕ್ರೆಟರಿಗಳು ವರ್ಷಕ್ಕೊಬ್ಬರಂತೆ ಗೇಟು ಬದಲಾಯಿಸುತ್ತಾರೆ.

"ಡಿಸ್ಚಾರ್ಜ್ ತಡ ಆಗೋದನ್ನ ತಗೊಂಡಿದೀನಿ ಮಾಮ" ಎಂದಳು. ಬೆಳಗಿನ ರೌಂಡ್ಸ್‌ನಲ್ಲಿ ಡಾಕ್ಟರು "ಇವತ್ತು ಮನೆಗೆ ಹೋಗಬಹುದು" ಅಂದಿರುತ್ತಾರೆ. ರೋಗಿ ಪ್ಯಾಂಟು ಹಾಕಿಕೊಂಡು, ಚೀಲದ ಜಿಪ್ಪು ಎಳೆದು ಕೂತಿರುತ್ತಾನೆ. ಸಮ್ಮರಿ ಟೈಪಾಗಬೇಕು, ಮಿಕ್ಕ ಔಷಧಿ ಫಾರ್ಮಸಿಗೆ ವಾಪಸಾಗಬೇಕು, ಬಿಲ್ಲಾಗಬೇಕು, ವಿಮೆಯವರು ಒಪ್ಪಬೇಕು. ಸಂಜೆಯ ಕಾಫಿಯೂ ಆಸ್ಪತ್ರೆಯದೇ.

ಯೋಜನೆಯ ವಿಧಾನವನ್ನು ಅವಳು ನಮ್ಮ ನೆರೆಯಿಂದಲೇ ಎರವಲು ತಂದಿದ್ದಳು. ಏಮ್ಸ್‌ನ ನವಜಾತ ಶಿಶು ವಿಭಾಗದವರು ವಿಶ್ವ ಆರೋಗ್ಯ ಸಂಸ್ಥೆಯ ಆಗ್ನೇಯ ಏಷ್ಯಾ ಕಚೇರಿಯ ಜೊತೆ ಸೇರಿ ಸಿದ್ಧಪಡಿಸಿದ ಪಿಒಸಿಕ್ಯೂಐ ಎಂಬ ಕೈಪಿಡಿ ಅದು. ನಾಲ್ಕು ಹೆಜ್ಜೆ ಅಷ್ಟೆ. ಸಮಸ್ಯೆ ಗುರುತಿಸಿ ತಂಡ ಕಟ್ಟಿ ಗುರಿ ಬರೆ, ಕಾರಣ ಹುಡುಕಿ ಅಳೆ, ಬದಲಾವಣೆಯನ್ನು ಸಣ್ಣದಾಗಿ ಮಾಡಿ ನೋಡು, ಫಲಿಸಿದರೆ ಉಳಿಸಿಕೋ. ನನಗೆ ಹಿಡಿಸಿದ್ದು ಆ "ಸಣ್ಣದಾಗಿ". ಒಂದು ಪಾಳಿಯಲ್ಲಿ, ಒಬ್ಬ ರೋಗಿಯ ಮೇಲೆ ಮೊದಲು ನೋಡಬೇಕಂತೆ. ಉದ್ಘಾಟನೆ ಇಲ್ಲ, ರಿಬ್ಬನ್ ಇಲ್ಲ. ನಮ್ಮ ದೇಶದಲ್ಲಿ ರಿಬ್ಬನ್ ಇಲ್ಲದೆ ಶುರುವಾದ ಕೆಲಸವನ್ನು ಕೆಲಸವೆಂದು ಯಾರು ನಂಬುತ್ತಾರೆ?

ಫಿರೋಜ್ ಷಾ ತುಘಲಕ್ ಖಂಡಿತ ನಂಬುತ್ತಿರಲಿಲ್ಲ. ಆತನ ಗೋರಿ ಇಲ್ಲೇ, ನಮ್ಮ ಹೌಜ್ ಖಾಸ್ ಕೆರೆಯ ದಂಡೆಯ ಮೇಲಿದೆ. ಆತ ದಿಲ್ಲಿಯಲ್ಲೊಂದು ದಾರುಲ್ ಶಿಫಾ, ಎಂದರೆ ಆಸ್ಪತ್ರೆ, ಕಟ್ಟಿಸಿದ. ಬಡವ ಬಲ್ಲಿದರಿಗೆಲ್ಲ ಅಲ್ಲಿ ವೈದ್ಯರು, ಔಷಧಿ, ಊಟ. ಇದು ನಮಗೆ ಗೊತ್ತಿರುವುದು ಮುಖ್ಯವಾಗಿ ಆತನೇ ಬರೆದ 'ಫುತೂಹಾತೆ ಫಿರೋಜ್‌ಷಾಹಿ'ಯಿಂದ. ಯೋಜನೆಯೂ ತನ್ನದೇ, ಮೌಲ್ಯಮಾಪನವೂ ತನ್ನದೇ. ಸಾಲದೆಂದು ಆ ವರದಿಯನ್ನು ಮಸೀದಿಯ ಕಲ್ಲಿನಲ್ಲಿ ಕೆತ್ತಿಸಿದನಂತೆ. ಕಲ್ಲಿನಲ್ಲಿ ಕೆತ್ತಿದ ಮೇಲೆ ತಿದ್ದುಪಡಿಗೆ ಎಡೆಯೆಲ್ಲಿ?

ಆದರೂ ಅದರಲ್ಲೊಂದು ಪ್ರಾಮಾಣಿಕ ಜಾಗವಿದೆ. ಅಲಾವುದ್ದೀನ್ ಖಿಲ್ಜಿ ಸೀರಿ ಪಟ್ಟಣಕ್ಕಾಗಿ ತೋಡಿಸಿದ ಈ ಕೆರೆ ಅಷ್ಟು ಹೊತ್ತಿಗೆ ಹೂಳು ತುಂಬಿ ಬತ್ತಿತ್ತು. ಜನ ಅದರ ಅಂಗಳದಲ್ಲಿ ಉತ್ತು ಬಿತ್ತುತ್ತಿದ್ದರು, ಬಾವಿ ತೋಡಿ ನೀರು ಮಾರುತ್ತಿದ್ದರು ಎಂದು ಸುಲ್ತಾನ ದಾಖಲಿಸಿದ್ದಾನೆ. ಹೂಳೆತ್ತಿಸಿದ, ನೀರು ಬಂತು. ಆ ಬೆಳೆಯವರ, ಬಾವಿಯವರ ಗತಿ ಏನಾಯಿತೋ ವರದಿಯಲ್ಲಿಲ್ಲ. 1398ರಲ್ಲಿ ದಿಲ್ಲಿಯನ್ನು ಕೊಳ್ಳೆ ಹೊಡೆದ ತೈಮೂರ ಇಲ್ಲಿ ಬೀಡುಬಿಟ್ಟು, ಕೆರೆ ಕಟ್ಟಿಸಿದವನೇ ಫಿರೋಜ್ ಷಾ ಎಂದುಕೊಂಡ. ಹೊರಗಿನ ಮೌಲ್ಯಮಾಪಕರನ್ನು ಕರೆಸಿದರೆ ಹೀಗೂ ಆಗುವುದುಂಟು.

ನಮ್ಮ ಕಾಲದಲ್ಲಿ ಕೆರೆ ಮತ್ತೆ ಬತ್ತಿತು. ವಸಂತ್ ಕುಂಜ್‌ನಲ್ಲಿ ಶುದ್ಧ ಮಾಡಿದ ಕೊಳಚೆ ನೀರನ್ನು ಹರಿಸಿ ತುಂಬಿಸಿದರು. ನೀರು ಬಂತೆಂದು ಸಂತೋಷಪಡುವಷ್ಟರಲ್ಲಿ ಪಾಚಿ ಬಂತು, ಪಾಚಿಯ ಹಿಂದೆ ವಾಸನೆ. ಅಕ್ಕನ ಮಗಳು ಇದನ್ನು ಕೇಳಿ ತನ್ನ ನೋಟ್‌ಬುಕ್ಕಿನ ಒಂದು ಪುಟ ತೋರಿಸಿದಳು. ಒಂದು ಕಡೆ ಸರಿಯಾಗಿದ್ದರಿಂದ ಇನ್ನೊಂದು ಕಡೆ ಕೆಟ್ಟಿದೆಯೇ ಎಂಬುದನ್ನೂ ಅಳೆಯಬೇಕಂತೆ. ಬೇಗ ಕಳಿಸುವ ಭರದಲ್ಲಿ ಮಾತ್ರೆ ಹೇಗೆ ನುಂಗಬೇಕೆಂದು ಹೇಳದೆ ಕಳಿಸಿ, ರೋಗಿ ಮೂರನೇ ದಿನ ಎಮರ್ಜೆನ್ಸಿಗೆ ಮರಳಿದರೆ ಅದೂ ಲೆಕ್ಕಕ್ಕೆ ಬರಬೇಕು.

ಕೆರೆ ಅಂಗಳದಲ್ಲಿ ಉಳುವವರು ವಾರ್ಡಿನಲ್ಲೂ ಇದ್ದರು, ಮತ್ತು ಅವರು ಕೆಟ್ಟವರಲ್ಲ. ಹಾಸಿಗೆ ಖಾಲಿಯಾದ ಗಳಿಗೆಗೆ ಕೆಳಗಿನಿಂದ ಹೊಸ ರೋಗಿ ಬರುತ್ತಾನೆ: ಹೊಸ ಫೈಲು, ಹೊಸ ಡ್ರಿಪ್ಪು, ಹೊಸ ನೆಂಟರು. ಗುಣವಾಗಿ ಚೀಲ ಕಟ್ಟಿಕೊಂಡು ಕೂತವನಷ್ಟು ಸುಲಭದ ರೋಗಿ ಯಾರು? ಹಗಲು ಪಾಳಿಯ ಸಿಸ್ಟರುಗಳು ಅವನನ್ನು ಸಂಜೆವರೆಗೆ ಪ್ರೀತಿಯಿಂದ ಇಟ್ಟುಕೊಂಡರೆ ತಪ್ಪೆನ್ನಲು ನನಗೆ ಮನಸ್ಸಿಲ್ಲ. ಎರಡು ಜನರ ಕೆಲಸವನ್ನು ಒಬ್ಬರು ಮಾಡುವ ಕಡೆ ಸುಧಾರಣೆ ಎಂದರೆ ಮೂರನೆಯವರ ಕೆಲಸ.

ಆಮೇಲೆ ಗಡಿಯಾರದ ಜಗಳ. ತಡವನ್ನು ಎಲ್ಲಿಂದ ಎಣಿಸುವುದು? ಬಿಲ್ಲಿಂಗ್‌ನವರ ಪ್ರಕಾರ ಫೈಲು ತಮ್ಮ ಮೇಜಿಗೆ ಬಂದಾಗಿನಿಂದ. ಹಾಗೆ ಎಣಿಸಿದರೆ ಆಸ್ಪತ್ರೆಯಲ್ಲಿ ತಡವೇ ಇಲ್ಲ. ರೋಗಿಯ ಗಡಿಯಾರ ಶುರುವಾಗುವುದು ಡಾಕ್ಟರು "ಹೋಗಬಹುದು" ಅಂದಾಗ. ಅವಳು ರೋಗಿಯ ಗಡಿಯಾರವನ್ನೇ ಹಿಡಿದಳು. ಬಿಲ್ಲಿಂಗ್‌ನವರು ಮಾತು ಬಿಟ್ಟರು.

ಹಿಂದಿನ ದಿನವೇ ಸಮ್ಮರಿ ಟೈಪು ಮಾಡಿಸಿಡುವುದು, ಔಷಧಿ ರಾತ್ರಿ ಪಾಳಿಯಲ್ಲೇ ವಾಪಸ್ ಮಾಡುವುದು ಅವಳ ಬದಲಾವಣೆ. ದಿನವೂ ಗೋಡೆಯ ಮೇಲಿನ ಹಾಳೆಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ. ಚುಕ್ಕೆಗಳು ಇಳಿಯತೊಡಗಿದವು. ಷಿಕಾಗೋ ಹತ್ತಿರದ ಹಾಥಾರ್ನ್ ಕಾರ್ಖಾನೆಯಲ್ಲಿ 1924ರಿಂದ ದೀಪದ ಬೆಳಕು ಹೆಚ್ಚುಕಡಿಮೆ ಮಾಡಿ ಪರೀಕ್ಷಿಸಿದ ಕಥೆಯನ್ನು ಹೇಳಿ ನಾನು ಅವಳ ಉತ್ಸಾಹಕ್ಕೆ ತಣ್ಣೀರೆರಚಿದೆ. ಯಾರೋ ನೋಡುತ್ತಿದ್ದಾರೆ ಎಂಬುದೇ ಕೆಲಸ ಚುರುಕಾಗಲು ಸಾಕು ಎಂದು ಆ ಪರೀಕ್ಷೆಗಳಿಂದ ಅರ್ಥ ತೆಗೆದವರುಂಟು. "ಹಾಗಾದ್ರೆ ಎಲ್ಲಾ ನಾನು ನಿಂತಿರೋದ್ರಿಂದ ಅಂತೀರಾ?" ಎಂದು ಮುಖ ಊದಿಸಿಕೊಂಡಳು.

ದಸರೆಗೆ ಊರಿಗೆ ಹೋಗಿಬಂದಳು. ಆ ದಿನಗಳ ಚುಕ್ಕೆಗಳು ಏರಿದ್ದವು. ಅವನ್ನು ವರದಿಯಲ್ಲಿ ಸೇರಿಸಬೇಡ, ರಜದ ದಿನವೆಂದು ಬಿಡು ಎಂದು ಹಿತೈಷಿಗಳು ಹೇಳಿದರಂತೆ. ಅವಳು ಸೇರಿಸಿದಳು, ಕೆಂಪಿನಲ್ಲಿ. ಮೌಖಿಕ ಪರೀಕ್ಷೆಯಲ್ಲಿ ಪ್ರಶ್ನೆಯೆಲ್ಲ ಅದರ ಮೇಲೆಯೇ.

"ಈ ದಿನಗಳಲ್ಲಿ ಯಾಕೆ ಏರಿತು?"

"ನಾನಿರಲಿಲ್ಲ ಸಾರ್."

"ಹಾಗಾದರೆ ನಿಮ್ಮ ಶಿಫಾರಸು?"

"ನನಗಿನ್ನು ರಜ ಕೊಡಬಾರದು ಅಥವಾ ಇನ್ನೊಬ್ಬ ಸಿಸ್ಟರನ್ನ ಕೊಡಬೇಕು ಸಾರ್."

ಪಾಸಾದಳು. ಇನ್ನೊಬ್ಬ ಸಿಸ್ಟರನ್ನು ಕೊಟ್ಟಿಲ್ಲ; ದೀಪಾವಳಿಗೆ ಅರ್ಜಿ ಹಾಕಿದ್ದಾಳೆ.