ಹಣಮಪ್ಪನ ಬಾಲ್ಯ ಮತ್ತು ನಮ್ಮ ಓಣಿಯ ತಕರಾರು

ಇಳಕಲ್ಲಿನ ನಮ್ಮ ಓಣಿಯಲ್ಲಿ ನಿಂತು ‘ಹಣಮಂತಾ’ ಎಂದು ಕೂಗಿದರೆ ನಾಲ್ಕು ಬಾಗಿಲಿನಿಂದ ‘ಓ’ ಎಂದು ಉತ್ತರ ಬರುತ್ತದೆ. ಹಣಮಪ್ಪ, ಹಣಮವ್ವ, ಮಾರುತಿ ಎಂದು ಕೂಗು ಮುಂದುವರಿಸಿದರೆ ಉಳಿದ ಮನೆಯವರೂ ಎದ್ದು ಹೊರಗೆ ಬಂದಾರು. ಬಾಗಲಕೋಟೆ ಕಡೆಯ ತುಳಸಿಗೇರಿ ಹಣಮಪ್ಪನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವರು ನಮ್ಮ ಸೀಮೆಯಲ್ಲಿ ಬೇಕಾದಷ್ಟು. ಇನ್ನು ಅವನು ಹುಟ್ಟಿದ ಜಾಗವೆಂದು ನಾವೆಲ್ಲ ನಂಬಿರುವ ಅಂಜನಾದ್ರಿ ಇರುವುದು ಆನೆಗೊಂದಿಯ ಹತ್ತಿರ, ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ. ಅದರ 575 ಮೆಟ್ಟಿಲು ಹತ್ತಿ ಇಳಿದು ಬಂದು ಎರಡು ದಿನ ಮೊಣಕಾಲು ತಿಕ್ಕಿಕೊಂಡವರೆಲ್ಲ ಆಂಜನೇಯನ ವಿಷಯದಲ್ಲಿ ಅಧಿಕಾರಯುತವಾಗಿ ಮಾತಾಡಬಲ್ಲರು.

ಇಂಥಲ್ಲಿ ಹನುಮಂತನ ಬಾಲ್ಯದ ಧಾರಾವಾಹಿ ಬಿತ್ತರಿಸುವ ಧೈರ್ಯ ಮಾಡಿದವರನ್ನು ಮೆಚ್ಚಬೇಕು. ಮಹಾವೀರ ಮಹಾವೀರನಾಗುವುದಕ್ಕಿಂತ ಮುಂಚಿನ ಕಥೆಗೆ ಈಗ ಪ್ರೀಕ್ವೆಲ್ ಅನ್ನುತ್ತಾರೆ. 2025ರ ‘ಕಾಂತಾರ: ಅಧ್ಯಾಯ 1’ ಬಂದ ಮೇಲೆ ಚಹಾದಂಗಡಿಯಲ್ಲೂ ಆ ಮಾತು ಓಡಾಡುತ್ತಿದೆ. ಬೇರೆ ಕಡೆ ಪ್ರೀಕ್ವೆಲ್ ನೋಡುವವರಿಗೆ ಮುಂದೇನಾಗುತ್ತದೋ ಎಂಬ ಕುತೂಹಲವಾದರೂ ಇರುತ್ತದೆ. ನಮ್ಮವರಿಗೆ ಅದಿಲ್ಲ. ಮುಂದೇನಾಗಬೇಕು ಎಂಬುದು ಮೊದಲೇ ಗೊತ್ತು, ಹಾಗೆ ಆಗದಿದ್ದರೆ ಹೇಳಲಿಕ್ಕೆಂದೇ ಕೂತಿರುತ್ತಾರೆ.

ಈ ಚಟ ಶುರುವಾದದ್ದು ದೂರದರ್ಶನದ ಕಾಲದಲ್ಲಿ. 1997ರಲ್ಲಿ ಸಂಜಯ್ ಖಾನ್ ಅವರ ‘ಜೈ ಹನುಮಾನ್’ ಬಂತು. ಅದೇ ವರ್ಷ ‘ಶಕ್ತಿಮಾನ್’ ಕೂಡ ಬಂತು. ಎರಡೂ ಹಿಂದಿ. ನಮ್ಮ ದೊಡ್ಡವ್ವನಿಗೆ ಬರುತ್ತಿದ್ದ ಹಿಂದಿ ಎಂದರೆ ‘ಕಿತನಾ’ ಮತ್ತು ‘ನಹೀ’. ಬಳೆಗಾರರ ಜೊತೆ ಚೌಕಾಶಿಗೆ ಅಷ್ಟು ಸಾಕಾಗಿತ್ತು. ಎದುರುಮನೆಯ ಮಾಮಾ ಹಾಗಲ್ಲ. ಸೀರೆ ವ್ಯಾಪಾರಕ್ಕೆಂದು ಸೊಲ್ಲಾಪುರದವರೆಗೆ ಹೋಗಿ ಬಂದವನಾದ್ದರಿಂದ ಟಿ.ವಿ. ಪಕ್ಕದಲ್ಲೇ ಕೂತು ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದ. ಪರದೆಯ ಮೇಲೆ ಅಂಜನಾದೇವಿ ಎರಡು ಮಾತಾಡಿದರೆ ಮಾಮಾನ ಬಾಯಲ್ಲಿ ಅದು ಹತ್ತು ಮಾತಾಗುತ್ತಿತ್ತು. ಬಯಲಾಟದಲ್ಲಿ ಪಾರ್ಟು ಮಾಡಿದವನಲ್ಲವೆ, ನಡುವೆ ರಾಗ ಬೇರೆ.

ಶಕ್ತಿಮಾನ್ ಬಂದಾಗ ದೊಡ್ಡವ್ವ ಮುಖ ನೋಡಿದ ಕೂಡಲೇ ಗುರುತು ಹಿಡಿದಳು. “ಇಂವ ಭೀಷ್ಮ ಅಲ್ಲನ? ಬಾಣದ ಹಾಸಿಗಿ ಮ್ಯಾಲೆ ಮಲಗಿದಾಂವ ಎದ್ದು ಗರಗರ ತಿರಗಾಕತ್ತಾನಲ್ಲ!” ಮುಕೇಶ್ ಖನ್ನಾ ಮಹಾಭಾರತದಲ್ಲಿ ಭೀಷ್ಮನಾಗಿದ್ದವರು. ಒಮ್ಮೆ ಭೀಷ್ಮನಾದವನು ಕೆಂಪು ಬಟ್ಟೆ ತೊಟ್ಟು ಬುಗುರಿ ಹಾಗೆ ತಿರುಗುವುದನ್ನು ದೊಡ್ಡವ್ವ ಕೊನೆಯವರೆಗೂ ಕ್ಷಮಿಸಲಿಲ್ಲ. ನಾವು ಹುಡುಗರು ಮಾತ್ರ ಓಣಿಯಲ್ಲಿ ಹಾಗೇ ತಿರುಗಿ, ತಲೆ ಸುತ್ತಿ, ಯಾರೋ ಬಿಗಿದಿಟ್ಟಿದ್ದ ನೂಲಿನ ಹಾಸಿನ ಮೇಲೆ ಬಿದ್ದು, ನೇಕಾರರ ಬೈಗುಳಕ್ಕೆ ಹೆದರಿ ನಿಜವಾಗಿಯೂ ಹಾರಿ ಹೋಗುತ್ತಿದ್ದೆವು.

2018ರಲ್ಲಿ ಉದಯ ಟಿ.ವಿ.ಯಲ್ಲಿ ಕನ್ನಡದ ‘ಜೈ ಹನುಮಾನ್’ ಬಂದಾಗ ಮಾಮಾನ ಅನುವಾದದ ಕೆಲಸ ಹೋಯಿತು. ಖಾಲಿ ಕೂರುವ ಜಾತಿ ಅಲ್ಲ, ವಿಮರ್ಶಕನಾದ.

ಪೌರಾಣಿಕ ಧಾರಾವಾಹಿ ಯಾವ ವಾಹಿನಿಯದಾದರೂ ಸರಿ, ಮರಿ ಹನುಮ ಸೂರ್ಯನನ್ನು ಹಣ್ಣೆಂದು ತಿಳಿದು ಹಾರುವ ಪ್ರಸಂಗ ಬರಲೇಬೇಕು. ಬಂದರೆ ಬೇಗ ಮುಗಿಯಲೂ ಬಾರದು. ಹುಡುಗ ನೆಲ ಬಿಟ್ಟ ಕೂಡಲೇ ಇಂದ್ರನ ಮುಖ, ವಾಯುವಿನ ಮುಖ, ತಾಯಿಯ ಮುಖ, ಮತ್ತೆ ಇಂದ್ರನ ಮುಖ, ಪ್ರತಿ ಮುಖಕ್ಕೂ ಒಂದು ಗುಡುಗು. ಆಮೇಲೆ ಸಾಬೂನಿನ ಜಾಹೀರಾತು. ಒಂದು ಸಂಜೆ ಹೀಗೇ ಎಲ್ಲರ ಮುಖ ನೋಡಿ ಮುಗಿದು, ಹುಡುಗ ಅಂತೂ ಇಂತೂ ಸೂರ್ಯನ ಸಮೀಪ ಹೋಗಿ ಬಾಯಿ ತೆರೆದ. ಸರಿಯಾಗಿ ಆಗ ಕರೆಂಟ್ ಹೋಯಿತು. ಕತ್ತಲಲ್ಲಿ ದೊಡ್ಡವ್ವನ ದನಿ: “ನುಂಗೇ ಬಿಟ್ಟ ನೋಡ್ರಿ!”

ಕರೆಂಟ್ ಬರಲು ಅರ್ಧ ತಾಸು ಹಿಡಿಯಿತು. ಯಾರೂ ಎದ್ದು ಹೋಗಲಿಲ್ಲ. ಇಂದ್ರ ವಜ್ರಾಯುಧ ಬೀಸಿದ್ದು, ದವಡೆ ಊದಿದ್ದು, ವಾಯುದೇವ ಸಿಟ್ಟಾಗಿ ಗಾಳಿ ನಿಲ್ಲಿಸಿದ್ದು, ದೇವತೆಗಳೆಲ್ಲ ಓಡಿ ಬಂದು ವರ ಕೊಟ್ಟದ್ದು ಎಲ್ಲವನ್ನೂ ದೊಡ್ಡವ್ವ ಒಬ್ಬಳೇ ಮುಗಿಸಿದಳು. ಫ್ಯಾನು ನಿಂತಿದ್ದರಿಂದ ಗಾಳಿ ನಿಂತ ಭಾಗ ವಿಶೇಷವಾಗಿ ಮೈಗೆ ಹತ್ತಿತು. ಧಾರಾವಾಹಿಯಲ್ಲಿ ಇದಕ್ಕೆ ಎಷ್ಟು ಸಂಜೆ ಬೇಕಾದವೋ ಏನೋ.

ಮಾಮಾನ ತಕರಾರು ಬೇರೆ. ಮಗ್ಗದ ಕುಣಿಯಿಂದ ಎದ್ದು ಬಂದು, ಕಾಲ ಮೇಲಿನ ನೂಲಿನ ಧೂಳು ಕೊಡವಿಕೊಂಡು ಕೂಡುತ್ತಿದ್ದ. “ಋಷಿಗೋಳು ಶಾಪ ಕೊಟ್ರು, ಹುಡುಗ ತನ್ನ ಶಕ್ತಿ ಮರತ. ಹೌದಲ್ಲ? ಮರತ ಮ್ಯಾಲೂ ಗುಡ್ಡ ಎತ್ತತಾನ, ರಾಕ್ಷಸರ್ನ ಒಗಿತಾನ ಅಂದ್ರ, ಮುಂದ ಸಮುದ್ರದ ದಂಡಿಗೆ ಜಾಂಬವಂತ ಬಂದು ಏನ್ ನೆನಪ ಮಾಡಿ ಕೊಡಬೇಕ್ರಿ?” ಇದಕ್ಕೆ ಉತ್ತರ ಕೊಡಬಲ್ಲ ಧಾರಾವಾಹಿಯವರು ಹುಟ್ಟಿಲ್ಲ. ಇಳಕಲ್ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಕೆಂಪು ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸಿದ ಮೇಲೆಯೇ ನೇಯ್ಗೆ. ಮಾಮಾ ಬೆರಳಲ್ಲಿ ಗಾಳಿಯಲ್ಲೇ ಒಂದು ಕೊಂಡಿ ಹಾಕಿ ತೋರಿಸಿ, “ಹಿಂದಿನ ಕತಿ ಹಿಂಗ ಕೂಡಬೇಕು. ಇವರು ಗಂಟ ಹಾಕ್ಯಾರ” ಎಂದ. ಪ್ರೀಕ್ವೆಲ್ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಓದಿಲ್ಲ.

ಈ ತೊಡಕು ಅಮೆರಿಕದವರಿಗೂ ಬಿಟ್ಟಿಲ್ಲ. ಅಲ್ಲಿ ಸೂಪರ್‌ಮ್ಯಾನ್‌ನ ಹುಡುಗತನದ ಕಥೆ ‘ಸ್ಮಾಲ್‌ವಿಲ್’ 2001ರಿಂದ 2011ರವರೆಗೆ ಓಡಿತು. ಹುಡುಗ ಹಾರಬಾರದು, ಆ ಪ್ರಸಿದ್ಧ ಉಡುಪು ತೊಡಬಾರದು ಎಂದು ತಯಾರಕರು ಮೊದಲೇ ಕಟ್ಟು ಹಾಕಿಕೊಂಡಿದ್ದರು. ಬೆಂಗಳೂರಿನಿಂದ ರಜೆಗೆ ಬಂದಿದ್ದ ತಮ್ಮನ ಮಗ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಿ ದೊಡ್ಡವ್ವನನ್ನೂ ಕೂರಿಸಿಕೊಂಡ. ಹೊಲ, ಕೊಟ್ಟಿಗೆ, ಸಾಕಿದ ತಂದೆತಾಯಿ ಅವಳಿಗೆ ಹಿಡಿಸಿದವು. ದನದ ಮನೆಯ ಹುಡುಗನೆಂದರೆ ಕೃಷ್ಣನ ಪೈಕಿಯೇ ಎಂದು ಒಪ್ಪಿಕೊಂಡಳು.

“ಯಾವಾಗ ಹಾರತಾನೋ ತಮ್ಮಾ?”

“ಈಗಲ್ಲ ಆಯಿ. ಹತ್ತು ವರ್ಷ ತಡೀಬೇಕು.”

“ಹತ್ತು ವರ್ಷ! ಹಂಗಾರ ಇವಂಗೂ ಋಷಿಗೋಳ ಶಾಪ ಆಗೇತಿ. ಯಾರರೆ ಒಬ್ಬ ಜಾಂಬವಂತನ್ನ ಕಳಸ್ರಿ.”

ಅದೇ ರಜೆಯಲ್ಲಿ ಹುಡುಗನನ್ನು ಬಾದಾಮಿಗೆ ಕರೆದುಕೊಂಡು ಹೋಗಿದ್ದೆ. ಎರಡನೇ ಗುಹೆಯಲ್ಲಿ ತ್ರಿವಿಕ್ರಮ ಕಾಲೆತ್ತಿ ನಿಂತಿದ್ದಾನೆ. ಕೆಳಗೆ ಕೊಡೆ ಹಿಡಿದ ಗಿಡ್ಡ ವಾಮನ. ಹಿಂದಿನ ಕಥೆ, ಮುಂದಿನ ಕಥೆ ಎರಡೂ ಒಂದೇ ಗೋಡೆಯ ಮೇಲೆ ಮುಗಿದುಹೋಗಿವೆ, ನಡುವೆ ಜಾಹೀರಾತಿಗೆ ಜಾಗವೇ ಇಟ್ಟಿಲ್ಲ. ಆರನೇ ಶತಮಾನದ ಶಿಲ್ಪಿಗೆ ಸಂಚಿಕೆಗಿಷ್ಟು ಎಂದು ಸಂಭಾವನೆ ಇರಲಿಲ್ಲ ಅಂತ ಕಾಣುತ್ತದೆ. ಹುಡುಗ ವಾಮನನ ಫೋಟೊ ತೆಗೆಯಲು ಚಿಪ್ಸಿನ ಪೊಟ್ಟಣವನ್ನು ಬಗಲಿಗೆ ಸಿಕ್ಕಿಸಿಕೊಂಡದ್ದಷ್ಟೇ. ಆಂಜನೇಯನ ಬಳಗದ ಒಂದು ಮರಿ ಕಂಬದ ಹಿಂದಿನಿಂದ ನೆಗೆದು ಪೊಟ್ಟಣ ಎತ್ತಿಕೊಂಡು ಬಂಡೆ ಏರಿ ಕೂತಿತು. ಹರಿಯುವಾಗ ನಮ್ಮ ಹಾಗೆ ಹಲ್ಲು ಹಾಕಲಿಲ್ಲ, ಅಂಚು ಹುಡುಕಿ ನೀಟಾಗಿ ಎಳೆಯಿತು. ಇದಕ್ಕೆ ಯಾವ ಋಷಿಯ ಶಾಪವೂ ತಟ್ಟಿದ ಹಾಗಿರಲಿಲ್ಲ.

ನನ್ನ ಪ್ರಕಾರ ಈ ಸೀಮೆಯಲ್ಲಿ ಪ್ರೀಕ್ವೆಲ್ ತೆಗೆಯುವುದಾದರೆ ಪುಲಕೇಶಿಯದನ್ನು ತೆಗೆಯಬೇಕು. ಹುನಗುಂದ ತಾಲೂಕಿನ ಐಹೊಳೆಯಲ್ಲಿ, ಮೇಗುತಿ ಗುಡಿಯ ಗೋಡೆಯ ಮೇಲೆ ರವಿಕೀರ್ತಿ 634ರಲ್ಲೇ ಚಿತ್ರಕಥೆ ಬರೆದಿಟ್ಟಿದ್ದಾನೆ. ಪಟ್ಟ ತನ್ನ ಮಗನಿಗೇ ಸಿಗಲೆಂದು ಹವಣಿಸುವ ಚಿಕ್ಕಪ್ಪ ಮಂಗಳೇಶ, ಅವನನ್ನು ಸೋಲಿಸಿ ಎದ್ದು ಬರುವ ಅಣ್ಣನ ಮಗ, ಆಮೇಲೆ ಉತ್ತರದ ಹರ್ಷನ ಜೊತೆ ಯುದ್ಧ. ಬಾದಾಮಿಯ ಮೂರನೇ ಗುಹೆಯನ್ನು 578ರಲ್ಲಿ ಮಾಡಿಸಿದವನೂ ಇದೇ ಚಿಕ್ಕಪ್ಪ, ಹಾಗಾಗಿ ಸೆಟ್ಟಿನ ಖರ್ಚೂ ಉಳಿಯುತ್ತದೆ.

ಇದನ್ನು ಹೇಳಿದ್ದೇ ತಪ್ಪಾಯಿತು. ಅಂದಿನಿಂದ ಓಣಿಯಲ್ಲಿ ಪಾರ್ಟು ಹಂಚುವ ಕೆಲಸ ನಡೆದಿದೆ. ಮಂಗಳೇಶನನ್ನು ಮಾಮಾ ತನಗೇ ಇಟ್ಟುಕೊಂಡಿದ್ದಾನೆ, ಮೀಸೆಗೆ ಎಣ್ಣೆಯೂ ಬಿದ್ದಿದೆ. ಪುಲಕೇಶಿಯಾಗಲು ನಾಲ್ಕೂ ಮನೆಯ ಹಣಮಂತರು ತಯಾರು. ಸೋಲುವ ಹರ್ಷನ ಪಾರ್ಟಿಗೆ ಮಾತ್ರ ಯಾರೂ ಒಪ್ಪುತ್ತಿಲ್ಲ. “ಹೆಂಗೂ ಇಳಕಲ್ ಬ್ಯಾರೆ ತಾಲೂಕ ಆಗೇತಿ,” ಎನ್ನುತ್ತಾನೆ ಮಾಮಾ, “ಹುನಗುಂದದಿಂದ ಒಬ್ಬನ್ನ ತರಸ್ರಿ.”