ಸೋಪಿನ ಮಡಿ

ಮಡಿ ಹಾಳಾಯಿತೆಂದು ಕೊರಗುವ ಹಿರಿಯರು ಒಮ್ಮೆ ಮನೆಯಲ್ಲೇ ಸೋಪು ಮಾಡುವ ಸೋಪಮ್ಮನ ಅಡುಗೆಮನೆಗೆ ಬರಬೇಕು. ಬಂದರೂ ಹೊಸ್ತಿಲವರೆಗೆ ಮಾತ್ರ, ಒಳಗೆ ಬಿಡುವುದಿಲ್ಲ. ಅತ್ತೆಯ ಮಡಿಯನ್ನು ಗೇಲಿ ಮಾಡಿ ಬೆಂಗಳೂರಿನ ಅಪಾರ್ಟ್‌ಮೆಂಟು ಸೇರಿದ ಈಕೆ ಅದಕ್ಕಿಂತ ಬಿಗಿಯಾದ ಮಡಿಯನ್ನು ತಾನೇ ಹೂಡಿಕೊಂಡಿದ್ದಾಳೆ ಎಂಬುದು ನನ್ನ ವಾದ. ಸೋಪಿನ ಪಾತ್ರೆ, ಸೌಟು, ಲೋಟ ಎಲ್ಲವೂ ಬೇರೆ, ಅಡುಗೆಯದಕ್ಕೆ ತಗಲಕೂಡದು. ಅಲ್ಯೂಮಿನಿಯಂ ಅಂತೂ ಹತ್ತಿರ ಸುಳಿಯಬಾರದು, ಕಾಸ್ಟಿಕ್ ಸೋಡಾ ಅದನ್ನು ತಿಂದುಹಾಕುತ್ತದೆ. ಮಡಿಸೀರೆಯ ಬದಲು ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ. ಮಕ್ಕಳು ಕೋಣೆಯಲ್ಲಿ, ಗಂಡ ಬಾಗಿಲಾಚೆ. ಮಂತ್ರವೂ ಉಂಟು: ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್‌ಗೆ ನೀರು ಹಾಕಬಾರದು, ತಪ್ಪಿದರೆ ಮುಖಕ್ಕೇ ಸಿಡಿದೀತು. ಸಾರಿಗೆ ಉಪ್ಪನ್ನು ಕಣ್ಣಳತೆಯಲ್ಲಿ ಹಾಕಿ, ಹೆಚ್ಚಾದರೆ ‘ಅನ್ನ ಜಾಸ್ತಿ ಕಲಸಿಕೊಳ್ಳಿ’ ಎನ್ನುವವಳು ಇಲ್ಲಿ ಗ್ರಾಮಿಗೆ ಗ್ರಾಮು ತೂಗುತ್ತಾಳೆ. ಒಂದು ಕಿಲೋ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಬೇಕು. ಮೈಗೆ ಚೂರು ಎಣ್ಣೆ ಉಳಿಯಲೆಂದು ಅದರಲ್ಲಿ ನೂರಕ್ಕೆ 5 ಕಳೆದು 174. ಆಲಿವ್ ಎಣ್ಣೆಗೆ ಬೇರೆ ಲೆಕ್ಕ, ಹರಳೆಣ್ಣೆಗೆ ಮತ್ತೊಂದು. (ಗಂಡಸರೂ ಈ ಪಂಗಡದಲ್ಲಿದ್ದಾರೆ, ಅವರು ಲೆಕ್ಕವನ್ನು ಎಕ್ಸೆಲ್‌ನಲ್ಲಿಡುತ್ತಾರೆ, ಅಷ್ಟೇ.) ಎಣ್ಣೆಯನ್ನೂ ಕಾಸ್ಟಿಕ್ ನೀರನ್ನೂ ಬೆರೆಸಿ ಕಡೆಯುತ್ತ ಹೋದರೆ, ಸೌಟಿನಿಂದ ಇಳಿದ ಧಾರೆ ಕೆಳಗೆ ಮುಳುಗದೆ ಮೇಲೆಯೇ ಗೆರೆಯಾಗಿ ನಿಲ್ಲುವ ಒಂದು ಗಳಿಗೆ ಬರುತ್ತದೆ. ‘ಟ್ರೇಸ್ ಬಂತು’ ಎಂದು ಆಕೆ ಪಿಸುಗುಡುತ್ತಾಳೆ. ಮೈಸೂರುಪಾಕಿಗೆ ಎಳೆಪಾಕ ಕಾದು ನಿಂತ ಅಜ್ಜಿಯ ಮುಖವೂ ಹೀಗೇ ಇರುತ್ತಿತ್ತು.

ಮಡಿ ಮೂಢನಂಬಿಕೆ, ಇದು ವಿಜ್ಞಾನ ಎಂದು ಆಕ್ಷೇಪಿಸಬಹುದು. ಕಾಸ್ಟಿಕ್ ಚರ್ಮ ಸುಡುವುದು ಸುಳ್ಳಲ್ಲ. ಆದರೆ ಅಚ್ಚಿಗೆ ಹೊಯ್ದು ಒಂದೆರಡು ದಿನ ಕಳೆದರೆ ಕಾಸ್ಟಿಕ್ ಬಹುಪಾಲು ಎಣ್ಣೆಯಲ್ಲಿ ಲೀನ. ‘ಮುಟ್ಟಬೇಡಿ’ ಮಾತ್ರ ನಾಲ್ಕರಿಂದ ಆರು ವಾರ ಮುಂದುವರಿಯುತ್ತದೆ. ನೀರಾರಿ ಬಿಲ್ಲೆ ಗಟ್ಟಿಯಾಗಲಿ ಎಂಬುದು ಕಾರಣ, ಒಪ್ಪಿದೆ. ಉಪ್ಪಿನಕಾಯಿ ಜಾಡಿಗೆ ಒದ್ದೆ ಕೈ ಹಾಕಬೇಡ ಎಂದ ಅತ್ತೆಗೂ ಬೂಷ್ಟಿನ ಕಾರಣವಿತ್ತು. ಆಗ ಅದನ್ನು ಯಾರೂ ವಿಜ್ಞಾನ ಎನ್ನಲಿಲ್ಲ. ಇನ್ನು ‘ನಮ್ಮದರಲ್ಲಿ ಕೆಮಿಕಲ್ಲೇ ಇಲ್ಲ’ ಎಂಬ ಮಾತು. ಕಾಸ್ಟಿಕ್ ಇಲ್ಲದೆ ಸೋಪಿನ ಬಿಲ್ಲೆ ಹುಟ್ಟುವುದಿಲ್ಲ. ಅದು ಬೇಡವೆಂದರೆ ಸೀಗೆಕಾಯಿ, ಕಡಲೆಹಿಟ್ಟು ಅಂಗಡಿಯಲ್ಲಿವೆ. ಇಡೀ ಅಪಾರ್ಟ್‌ಮೆಂಟಿನಲ್ಲಿ ನಿಜವಾದ ಕೆಮಿಸ್ಟ್ ಈಕೆಯೊಬ್ಬಳೇ, ಪಾಪ, ಅದನ್ನೇ ಅಲ್ಲಗಳೆಯುತ್ತಾಳೆ. ಉಳಿತಾಯದ ಮಾತು ಬೇಡ. ಕೊಬ್ಬರಿ ಎಣ್ಣೆಯ ಬೆಲೆ ಎಲ್ಲರಿಗೂ ಗೊತ್ತು. ಮಿಕ್ಕ ಮಾಲಿನ ನೆಪವೂ ಇಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಧದ ಮರ ಯುರೋಪಿಗೆ ಹೋಗದೆ ಉಳಿದದ್ದರಿಂದ ಮೈಸೂರು ಸಂಸ್ಥಾನ ಗಂಧದೆಣ್ಣೆಗೂ ಸೋಪಿಗೂ ಕೈಹಾಕಿತು. ಸೋಪಮ್ಮನಿಗೆ ಉಳಿದುಹೋದದ್ದು ಏನೂ ಇಲ್ಲ. ಎಲ್ಲವನ್ನೂ ಆನ್‌ಲೈನಿನಲ್ಲಿ ತರಿಸುತ್ತಾಳೆ.

ನಿಮ್ಮ ಕೈಗೂ ಒಂದು ಬಿಲ್ಲೆ ಬಂದೇ ಬರುತ್ತದೆ. ಮಡಿಯ ಅಡುಗೆಗೂ ಕೊನೆಗೆ ಉಣ್ಣುವವರು ಬೇಕಷ್ಟೆ. ತೂತಿರುವ ಪೆಟ್ಟಿಗೆಯಲ್ಲಿಡಿ. ಬಿಲ್ಲೆಯೊಳಗೇ ಉಳಿದ ಗ್ಲಿಸರಿನ್ ನೀರು ಹೀರುತ್ತದೆ, ಒದ್ದೆಯಲ್ಲಿ ಬಿಟ್ಟರೆ ವಾರದೊಳಗೆ ಅಂಬಲಿ. ಕರಗಿತೆಂದು ಮಾತ್ರ ಹೇಳಬೇಡಿ, ಇನ್ನೆರಡು ಕೊಡುತ್ತಾಳೆ.